ಖಾನೆಯಲ್ಲಿ ಹಿಡಿಯದ ಹೆಸರುಗಳು



ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ತಮ್ಮ ತಪ್ಪನ್ನು ಬೇರೆಯವರ ಮೇಲೆ ಹೊರಿಸುವವರನ್ನು ಹಂಗಿಸಲು ನಾವು ಈ ಗಾದೆಯನ್ನು ಬಳಸುತ್ತೇವೆ. ಆದರೆ ನೆಲವೇ ನಿಜವಾಗಿ ಡೊಂಕಾಗಿದ್ದರೆ? ಅಂತರ್ಜಾಲದಲ್ಲಿ ಅರ್ಜಿ ತುಂಬಲು ಕುಳಿತ ನಮ್ಮ ಭಾಗದ ಎಷ್ಟೋ ಜನರ ಸ್ಥಿತಿ ಇಂದು ಗಾದೆಗೆ ತದ್ವಿರುದ್ಧವಾಗಿದೆ. ನೆಲ ಡೊಂಕಾಗಿದೆ, ಅವರೋ ತಮಗೆ ಕುಣಿಯಲು ಬಾರದೆಂದು ತಲೆ ತಗ್ಗಿಸಿ ಹೊರಟುಹೋಗುತ್ತಾರೆ.

ಅರ್ಜಿಯ ಖಾನೆಯೊಂದು ಒಬ್ಬ ಮನುಷ್ಯನ ಹೆಸರನ್ನು ಒಪ್ಪದಿದ್ದಾಗ ತಪ್ಪು ಖಾನೆಯದೆಂದೇ ಮೊದಲು ಭಾವಿಸಬೇಕು ಎಂಬುದು ನನ್ನ ಅಭಿಪ್ರಾಯ. ಮನುಷ್ಯ ತಪ್ಪಿದ್ದಾನೆಂದು ಹೇಳುವ ಮೊದಲು ಅದಕ್ಕೆ ಸಾಕ್ಷಿ ಬೇಕು. ಇದನ್ನು ನಾನು ಸುಮ್ಮನೆ ವೃದ್ಧಾಪ್ಯದ ಗೊಣಗಾಟವಾಗಿ ಹೇಳುತ್ತಿಲ್ಲ. ಕಳೆದ ಕೆಲವು ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಜೊತೆ ಕುಳಿತು ಇಂಥದೊಂದು ಅರ್ಜಿಯ ದೋಷಗಳನ್ನು ಒಂದೊಂದಾಗಿ ಹುಡುಕಿದ ಅನುಭವದಿಂದ ಹೇಳುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಖಾನಾಪುರ ತಾಲೂಕಿನಲ್ಲಿ ನಾನು ಪಾಠ ಹೇಳಿದ ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲರ ಒಂದು ಯಾದಿಯನ್ನು ಮಾಡಬೇಕೆಂದು ಕೆಲವರು ಹೊರಟರು. ಅವರಲ್ಲೊಬ್ಬ ಈಗ ಬೆಂಗಳೂರಿನಲ್ಲಿ ತಂತ್ರಾಂಶ ಎಂಜಿನಿಯರ್. ಹೆಸರು, ಊರು, ಹುಟ್ಟಿದ ದಿನಾಂಕ, ಶಾಲೆ ಬಿಟ್ಟ ವರ್ಷ ಇಷ್ಟನ್ನು ಕನ್ನಡದಲ್ಲಿ ತುಂಬುವ ನಮೂನೆಯೊಂದನ್ನು ಅವನು ಬಿಡುವಿನ ವೇಳೆಯಲ್ಲಿ ಸಿದ್ಧಪಡಿಸಿದ. ಪ್ರೀತಿಯಿಂದ, ಒಂದು ಪೈಸೆಯನ್ನೂ ಪಡೆಯದೆ ಮಾಡಿದ ಕೆಲಸವದು. ಆದ್ದರಿಂದ ಮುಂದೆ ನಾನು ಬರೆಯುವುದನ್ನು ಅವನ ಮೇಲಿನ ಆಕ್ಷೇಪಣೆಯೆಂದು ಯಾರೂ ತಿಳಿಯಬಾರದು. ಸಂಬಳ ಪಡೆದು ಮಾಡಿದ ದೊಡ್ಡ ದೊಡ್ಡ ಕೆಲಸಗಳಲ್ಲಿಯೂ ಇವೇ ದೋಷಗಳಿರುತ್ತವೆಂದು ಹೇಳಿದವನೂ ಅವನೇ.

ನಮೂನೆ ಸಿದ್ಧವಾದ ಒಂದು ವಾರಕ್ಕೆ ಹೆಸರುಗಳು ಬರತೊಡಗಿದವು. ಆದರೆ ತೀರ ಕಡಿಮೆ. ಅವನನ್ನು ಕೇಳಿದರೆ, ‘ಸರ್, ಎಲ್ಲಾ ಸರಿ ಐತ್ರಿ. ದಾಖಲೆಯೊಳಗ ಒಂದೂ ತಪ್ಪು ಕಾಣವಲ್ದು’ ಎಂದ. ಅದೇ ದಿನ ಜಾಂಬೋಟಿಯ ಕಡೆಯ ಹೆಣ್ಣುಮಗಳೊಬ್ಬಳು ದೂರವಾಣಿ ಮಾಡಿದಳು. ನನ್ನ ಮೊದಮೊದಲ ವಿದ್ಯಾರ್ಥಿನಿಯರಲ್ಲೊಬ್ಬಳು, ಈಗ ಅಜ್ಜಿಯಾಗಿದ್ದಾಳೆ. ಹೆಸರು ತುಂಬಿದಾಗಲೆಲ್ಲ ‘ದಯವಿಟ್ಟು ಮಾನ್ಯವಾದ ಹೆಸರನ್ನು ನಮೂದಿಸಿ’ ಎಂದು ಕೆಂಪಕ್ಷರದಲ್ಲಿ ಬರುತ್ತಿತ್ತಂತೆ. ಮೊಮ್ಮಗನ ಕೈಯಲ್ಲಿಯೂ ತುಂಬಿಸಿದಳು, ಫಲ ಅದೇ. ‘ಸರ್, ಅರವತ್ತು ವರ್ಷ ದಾಟಿದ ಮ್ಯಾಲೆ ನನ್ನ ಹೆಸರು ಮಾನ್ಯ ಇಲ್ಲಂತ ತಿಳೀತು ನೋಡ್ರಿ’ ಎಂದು ನಕ್ಕಳು. ಆ ನಗುವಿನ ಹಿಂದೆ ಇದ್ದದ್ದು ನಗೆಯಲ್ಲ.

ದಾಖಲೆಯಲ್ಲಿ ತಪ್ಪಿಲ್ಲ, ಆದರೆ ಜನರಿಗೆ ಪ್ರವೇಶವಿಲ್ಲ. ಇದು ಹೇಗೆ? ಇಲ್ಲಿ ನಾನು ಕಲಿತ ಮೊದಲ ಪಾಠವನ್ನು ನಿಮಗೂ ಹೇಳುತ್ತೇನೆ. ಅಂತರ್ಜಾಲದ ಅರ್ಜಿಯನ್ನು ಎರಡು ಕಡೆ ಪರೀಕ್ಷಿಸುತ್ತಾರೆ. ಒಂದು, ತುಂಬುವವರ ಫೋನಿನಲ್ಲಿಯೇ, ಅಂದರೆ ಬ್ರೌಸರಿನಲ್ಲಿ. ಇನ್ನೊಂದು, ದೂರದಲ್ಲಿರುವ ಸರ್ವರ್ ಎಂಬ ಗಣಕದಲ್ಲಿ. ಮೊದಲನೆಯ ಬಾಗಿಲಲ್ಲಿಯೇ ತಡೆದರೆ ಎರಡನೆಯದಕ್ಕೆ ಏನೂ ತಲುಪುವುದಿಲ್ಲ. ತಪ್ಪುಗಳ ದಾಖಲೆ ಇರುವುದು ಎರಡನೆಯದರಲ್ಲಿ. ಹೀಗಾಗಿ ಮಾಡಿದವನ ಕಣ್ಣಿಗೆ ಎಲ್ಲವೂ ಸುಸೂತ್ರ. ಹೊರಗೆ ನಿಂತವರ ಸುದ್ದಿ ಒಳಗೆ ಹೋಗುವುದೇ ಇಲ್ಲ. ಶಾಲೆಯ ಗೇಟಿನ ಹೊರಗೆ ನಿಂತ ಮಕ್ಕಳನ್ನು ಲೆಕ್ಕಿಸದೆ ‘ಇಂದು ತರಗತಿಯಲ್ಲಿ ಹಾಜರಿ ನೂರಕ್ಕೆ ನೂರು’ ಎಂದು ಬರೆದಂತೆ.

ಅವನು ರಜೆಯಲ್ಲಿ ಊರಿಗೆ ಬಂದಾಗ ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ಲ್ಯಾಪ್‌ಟಾಪನ್ನೂ ತಂದ. ತಂತ್ರಾಂಶದ ದೋಷಕ್ಕೆ ಅವರು ‘ಬಗ್’ ಎನ್ನುತ್ತಾರಷ್ಟೆ. ನಮ್ಮ ಕಡೆಯ ತಗಣಿಯಂತೆಯೇ ಅದು ಎಂದು ನಾನು ಹೇಳಿದೆ. ತಗಣಿ ಮಂಚದ ಹಲಗೆಯ ನಡುವೆ ಇರುವುದಿಲ್ಲ. ಕೀಲುಗಳಲ್ಲಿ, ಎರಡು ಮರ ಕೂಡುವ ಸಂದುಗಳಲ್ಲಿ ಅಡಗಿರುತ್ತದೆ. ಅರ್ಜಿಯ ದೋಷಗಳೂ ಹಾಗೆಯೇ. ಮನುಷ್ಯ ಬರೆದದ್ದು ಗಣಕಕ್ಕೆ ಹೋಗುವ ಸಂದಿನಲ್ಲಿ, ಗಣಕ ಓದಿದ್ದು ಭಂಡಾರಕ್ಕೆ ಸೇರುವ ಸಂದಿನಲ್ಲಿ ಅವು ಸಿಗುತ್ತವೆ.

ಹುಡುಕುವ ಕ್ರಮ ನನಗೆ ಹೊಸದಾಗಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನ ಉತ್ತರವನ್ನು ಅಳಿಸಿ ಸರಿಯಾದುದನ್ನು ಬರೆದುಕೊಟ್ಟರೆ ಅವನಿಗೆ ಏನೂ ತಿಳಿಯುವುದಿಲ್ಲ. ಯಾವ ಮೆಟ್ಟಿಲಲ್ಲಿ ಕಾಲು ಜಾರಿತೆಂದು ಸಾಲುಸಾಲಾಗಿ ನೋಡಬೇಕು. ಹೆಣ್ಣುಮಗಳು ತುಂಬಿದ್ದನ್ನೇ ನಾವೂ ತುಂಬಿದೆವು. ಕೆಂಪಕ್ಷರ ಬಂತು. ಹೆಸರನ್ನು ಒಂದೊಂದೇ ಅಕ್ಷರ ಕಡಿಮೆ ಮಾಡುತ್ತ ಬಂದೆವು. ನಂತರ ಬೇರೆ ಹೆಸರುಗಳನ್ನು ಹಾಕಿ ನೋಡಿದೆವು. ಕಮಲ, ಭರತ, ಅಮರ, ಗಗನ — ಇವೆಲ್ಲ ಸಲೀಸಾಗಿ ಒಳಗೆ ಹೋದವು. ಗೀತಾ, ಸುರೇಶ, ಮಾರುತಿ, ಲಕ್ಷ್ಮಿ — ಇವು ಹೊರಗೆ. ನಿಮ್ಮಲ್ಲಿ ಯಾರಿಗಾದರೂ ಕಾರಣ ಹೊಳೆಯಿತೇ? ಒಂದನೆಯ ತರಗತಿಯಲ್ಲಿ ಕಾಗುಣಿತ ಬರೆಸಿದ ಯಾವ ಮಾಸ್ತರನಿಗೂ ಹೊಳೆಯಬೇಕು. ಒಳಗೆ ಹೋದ ಹೆಸರುಗಳಲ್ಲಿ ಗುಣಿತಾಕ್ಷರವೂ ಇಲ್ಲ, ಒತ್ತಕ್ಷರವೂ ಇಲ್ಲ!

ಕಾರಣ ಇದು. ಯೂನಿಕೋಡ್ ಎಂಬ ಜಾಗತಿಕ ಲಿಪಿವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ‘ಕ’ ಎಂಬುದು ‘ಅಕ್ಷರ’ ಎಂಬ ವರ್ಗಕ್ಕೆ ಸೇರಿದೆ. ಆದರೆ ‘ಕಿ’ಯಲ್ಲಿನ ಗುಡಿಸು, ‘ಕೆ’ಯಲ್ಲಿನ ಎತ್ವ, ಅರ್ಧಾಕ್ಷರದ ಗುರುತು, ಅನುಸ್ವಾರ ಇವೆಲ್ಲ ‘ಚಿಹ್ನೆ’ ಎಂಬ ಬೇರೆ ವರ್ಗಕ್ಕೆ ಸೇರಿವೆ. ನಮ್ಮ ಹುಡುಗ ‘ಹೆಸರಿನಲ್ಲಿ ಅಕ್ಷರಗಳನ್ನು ಮಾತ್ರ ಒಪ್ಪು’ ಎಂದು ಗಣಕಕ್ಕೆ ಆದೇಶಿಸಿದ್ದ. ಗಣಕ ಆಜ್ಞಾಧಾರಕ. ಗುಣಿತ ಬಂದ ಕೂಡಲೇ ‘ಇದು ಅಕ್ಷರವಲ್ಲ’ ಎಂದಿತು. ಇಂಗ್ಲಿಷಿನ ಹೆಸರಿಗೆ ಈ ನಿಯಮ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅಲ್ಲಿ ಸ್ವರಗಳೂ ಬಿಡಿ ಅಕ್ಷರಗಳೇ. ಕನ್ನಡದಲ್ಲಿ ಮಾತ್ರ ಬಹುಪಾಲು ಹೆಸರುಗಳು ಅಮಾನ್ಯವಾಗುತ್ತವೆ. ‘ಅಕ್ಷರಗಳನ್ನೂ ಚಿಹ್ನೆಗಳನ್ನೂ ಒಪ್ಪು’ ಎಂದು ತಿದ್ದಲು ಒಂದು ನಿಮಿಷ ಸಾಕಾಯಿತು. ಕಂಡುಹಿಡಿಯಲು ಮಾತ್ರ ಒಬ್ಬ ಅಜ್ಜಿ ದೂರವಾಣಿ ಮಾಡಬೇಕಾಯಿತು.

ಎರಡನೆಯದು ಅಳತೆಯ ದೋಷ. ‘ಬೆಳಗಾವಿ’ ಎಂಬಲ್ಲಿ ಎಷ್ಟು ಅಕ್ಷರಗಳು? ನಾಲ್ಕು ಎಂದು ನೀವೆಲ್ಲ ಹೇಳುತ್ತೀರಿ, ‘ಖಾನಾಪುರ’ಕ್ಕೂ ನಾಲ್ಕು. ಗಣಕ ಹಾಗೆ ಎಣಿಸುವುದಿಲ್ಲ. ಮೂಲಾಕ್ಷರವನ್ನೂ ಗುಣಿತಚಿಹ್ನೆಯನ್ನೂ ಬೇರೆಬೇರೆ ಎಣಿಸಿ ಎರಡಕ್ಕೂ ಏಳು ಎನ್ನುತ್ತದೆ. ಭಂಡಾರದಲ್ಲಿಡುವಾಗ ಪ್ರತಿಯೊಂದಕ್ಕೂ ಮೂರು ಬೈಟ್ ಜಾಗ ಬೇಕಾದ್ದರಿಂದ ಅದು 21 ಆಗುತ್ತದೆ. ಅದೇ ಊರನ್ನು ಇಂಗ್ಲಿಷಿನಲ್ಲಿ ಬರೆದರೆ ಎಂಟೇ ಬೈಟ್. ಈಗ ಯಾರೋ ಊರಿನ ಹೆಸರಿಗೆ 20 ಬೈಟ್ ಧಾರಾಳವಾಯಿತೆಂದು ಖಾನೆ ಕೊರೆದರೆ ಏನಾಗುತ್ತದೆ? ‘ಬೆಳಗಾವ’ವರೆಗೆ ಹಿಡಿದು, ಕೊನೆಯ ಗುಡಿಸು ಕತ್ತರಿಸಿ, ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೋ ಚೌಕವೋ ಉಳಿಯುತ್ತದೆ. ಕಿತ್ತೂರು ಚೆನ್ನಮ್ಮನ ನಾಡಿನ ಜಿಲ್ಲಾಕೇಂದ್ರಕ್ಕೇ ಖಾನೆಯಲ್ಲಿ ಜಾಗ ಸಾಲದೆ ಹೋಯಿತು! ಫೋನಿನ ಸಂದೇಶಗಳಲ್ಲಿಯೂ ಇದೇ ಲೆಕ್ಕ: ಒಂದು ಸಂದೇಶದಲ್ಲಿ ಇಂಗ್ಲಿಷಿನವರಿಗೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ, ಅದೂ ಗುಣಿತ ಒತ್ತುಗಳನ್ನು ಬಿಡಿಯಾಗಿ ಎಣಿಸಿ.

ಮೂರನೆಯದು ಕಣ್ಣಿಗೆ ಕಾಣದ ದೋಷ. ‘ಶಂಕರ’ ಎಂಬ ಹೆಸರು ಯಾದಿಯಲ್ಲಿ ಎದುರಿಗೇ ಇದೆ. ಹುಡುಕಿದರೆ ‘ಇಲ್ಲ’ ಎನ್ನುತ್ತಿತ್ತು. ಭೂತಗನ್ನಡಿ ಹಿಡಿದರೂ ವ್ಯತ್ಯಾಸ ತಿಳಿಯಲಿಲ್ಲ. ಕೊನೆಗೆ ಅಕ್ಷರಗಳ ಸಂಕೇತಸಂಖ್ಯೆಗಳನ್ನು ತೆಗೆಸಿ ನೋಡಿದಾಗ ಗುಟ್ಟು ಹೊರಬಿತ್ತು. ತುಂಬಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದ್ದರು: ‘ಶ೦ಕರ’. ಅಂತರ್ಜಾಲದ ಹಳೆಯ ಕನ್ನಡ ಬರಹಗಳಲ್ಲಿ ಈ ಸೊನ್ನೆ ಹೇರಳವಾಗಿ ಸಿಗುತ್ತದೆ. ಓದುವವನಿಗೆ ಎರಡೂ ಒಂದೇ. ಗಣಕಕ್ಕೆ ಒಂದು ಅಕ್ಷರಚಿಹ್ನೆ, ಇನ್ನೊಂದು ಅಂಕಿ. ಹಾಗೆಯೇ ‘ಲೋಂಡಾ’ದ ‘ಲೋ’ದಲ್ಲಿರುವ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ತುಂಡುಗಳಾಗಿಯೂ ಬರೆಯಬಹುದು. ಕಾಣುವುದು ಒಂದೇ ರೀತಿ. ಇವನ್ನು ಒಂದೇ ರೂಪಕ್ಕೆ ತರುವ ಸಿದ್ಧ ವಿಧಾನ ಯೂನಿಕೋಡಿನಲ್ಲಿಯೇ ಇದೆ. ಬಳಸುವ ನೆನಪು ಬೇಕಷ್ಟೆ. ಆದರೆ ಆ ವಿಧಾನ ಸೊನ್ನೆಯನ್ನು ಅನುಸ್ವಾರವಾಗಿಸುವುದಿಲ್ಲ. ಅಕ್ಷರಗಳ ನಡುವೆ ಸಿಕ್ಕ ಒಂಟಿ ಸೊನ್ನೆ ಅನುಸ್ವಾರವೇ ಎಂದು ತಿಳಿಯುವ ಬುದ್ಧಿಯನ್ನು ಕನ್ನಡ ಬಲ್ಲವನೇ ಬರೆದು ಸೇರಿಸಬೇಕು.

ಶುದ್ಧಮಾಡುವ ಉತ್ಸಾಹವೂ ಅಪಾಯಕಾರಿ. ಹೆಸರಿನ ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ಕತ್ತರಿಸುವುದು ಒಳ್ಳೆಯದು. ಆದರೆ ‘ಕಣ್ಣಿಗೆ ಕಾಣದ ಸಂಕೇತಗಳನ್ನೆಲ್ಲ ಅಳಿಸು’ ಎಂದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ‘ಜ್’ ಮತ್ತು ‘ಕು’ ಒಂದಕ್ಕೊಂದು ಅಂಟಿ ಒತ್ತಕ್ಷರವಾಗದಂತೆ ನಡುವೆ ಒಂದು ಅದೃಶ್ಯ ಗುರುತು ನಿಂತಿರುತ್ತದೆ. ಅದು ಕಸವಲ್ಲ, ಕಾವಲುಗಾರ.

ಇಲ್ಲಿಯವರೆಗೆ ಹೇಳಿದ್ದು ಲಿಪಿಯ ಸಂಗತಿ. ಇದಕ್ಕಿಂತ ಆಳದ ದೋಷಗಳು ಮನುಷ್ಯರ ಬಗ್ಗೆ ನಮಗಿರುವ ಕಲ್ಪನೆಯಲ್ಲಿವೆ. ನಮೂನೆಯಲ್ಲಿ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂದು ಮೂರು ಖಾನೆಗಳಿದ್ದವು, ಮೂರೂ ಕಡ್ಡಾಯ. ನಮ್ಮ ಬೆಳಗಾವಿಯ ಕಡೆ ಇದು ತಕ್ಕಮಟ್ಟಿಗೆ ಒಗ್ಗುತ್ತದೆ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದವರು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ಕನ್ನಡ, ಮರಾಠಿ ಮನೆಗಳೆರಡರಲ್ಲಿಯೂ ರೂಢಿಯಲ್ಲಿದೆ. ಆದರೆ ಹಳೆಯ ಮೈಸೂರಿನ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬಂದವರ ಮಕ್ಕಳು? ಅವರಿಗೆ ಹೆಸರಿನ ಮುಂದೆ ಒಂದೆರಡು ಇನಿಷಿಯಲ್‌ಗಳಿರುತ್ತವೆ, ಅಡ್ಡಹೆಸರಿರುವುದಿಲ್ಲ. ಖಾನೆ ‘ಕನಿಷ್ಠ ಎರಡು ಅಕ್ಷರ ಬೇಕು’ ಎಂದು ಇನಿಷಿಯಲನ್ನು ತಳ್ಳಿತು, ಚುಕ್ಕೆಯನ್ನೂ ತಳ್ಳಿತು. ಒಂದೇ ಹೆಸರಿನವರಂತೂ ಬಿಟ್ಟ ಖಾನೆಯಲ್ಲಿ ಏನಾದರೂ ಗೀಚಲೇಬೇಕಾಯಿತು. ಹೀಗೆ ಗೀಚಿದ್ದೇ ಮುಂದೆ ಅವರ ‘ಅಧಿಕೃತ’ ಹೆಸರಾಗುತ್ತದೆ. ಒಂದೇ ಹೆಸರಿನ ಸಂಕಟ ಚಿಕ್ಕದಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕೆಂದು ಆಮೇಲೆ ಸಡಿಲಿಸಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿರಬೇಡ! ಹೆಸರುಗಳ ಬಗ್ಗೆ ತಂತ್ರಾಂಶದವರು ಸುಮ್ಮನೆ ನಂಬಿಕೊಂಡ ತಪ್ಪುಗಳ ದೊಡ್ಡ ಪಟ್ಟಿಯನ್ನು ಪ್ಯಾಟ್ರಿಕ್ ಮೆಕೆಂಜಿ ಎಂಬ ತಂತ್ರಜ್ಞರು 2010ರಲ್ಲಿಯೇ ಬರೆದಿಟ್ಟಿದ್ದಾರೆ. ಪಟ್ಟಿ ಹಳೆಯದಾಯಿತು, ತಪ್ಪುಗಳು ಹಳೆಯವಾಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಹೆಣ್ಣುಮಕ್ಕಳ ಸಂಗತಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಂದೆಯ ಹೆಸರಿದೆ. ಮದುವೆಯಾದ ಮೇಲೆ ಆ ಜಾಗಕ್ಕೆ ಗಂಡನ ಹೆಸರು ಬಂತು, ಅಡ್ಡಹೆಸರೂ ಬದಲಾಯಿತು. ಕೆಲವು ಮನೆತನಗಳಲ್ಲಿ ಹೆಣ್ಣಿನ ಸ್ವಂತ ಹೆಸರನ್ನೂ ಬದಲಿಸುವ ಪದ್ಧತಿಯಿತ್ತು. ಅಂಥವಳು ಇಂದಿನ ಹೆಸರು ತುಂಬಿದರೆ ಶಾಲೆಯ ಪುಸ್ತಕಕ್ಕೆ ತಾಳೆಯಾಗದು. ಅಂದಿನ ಹೆಸರು ತುಂಬಿದರೆ ಅವಳ ಕೈಯಲ್ಲಿರುವ ಯಾವ ಗುರುತಿನ ಚೀಟಿಗೂ ತಾಳೆಯಾಗದು. ನಮೂನೆಯಲ್ಲಿ ಹೆಸರಿಗೆ ಒಂದೇ ಸ್ಥಾನವಿದ್ದುದರಿಂದ ಹಾಡಿ ಕುಣಿದು ನಮ್ಮ ಶಾಲೆಯಲ್ಲಿ ಕಲಿತ ಹುಡುಗಿಯರು ಯಾದಿಯಲ್ಲಿ ಕಾಣದಾದರು. ಯಾರೂ ಅವರನ್ನು ಬೇಕೆಂದು ಬಿಟ್ಟಿರಲಿಲ್ಲ. ‘ಹೆಸರು ಒಮ್ಮೆ ಇಟ್ಟರೆ ಜೀವಮಾನವಿಡೀ ಅದೇ’ ಎಂದು ಗಂಡಸಿನ ಬದುಕನ್ನು ಕಣ್ಣ ಮುಂದಿಟ್ಟುಕೊಂಡು ಖಾನೆ ಕೊರೆದಿದ್ದರು. ‘ಶಾಲೆಯಲ್ಲಿದ್ದ ಹೆಸರು’, ‘ಈಗಿನ ಹೆಸರು’ ಎಂದು ಎರಡು ಖಾನೆ ಮಾಡಿದ ಮೇಲೆ ಒಬ್ಬೊಬ್ಬರಾಗಿ ಸಿಗತೊಡಗಿದರು.

ಇನ್ನು ಕ್ರೈಸ್ತ ಮನೆತನಗಳ ಡಿ'ಸೋಜಾದಂಥ ಅಡ್ಡಹೆಸರು. ಅದರ ನಡುವಿನ ಆ ಚಿಕ್ಕ ಕೊಕ್ಕೆ ಇಡೀ ತಂತ್ರಾಂಶವನ್ನೇ ಮಗುಚುತ್ತಿತ್ತು. ಕಾರಣ ಸ್ವಾರಸ್ಯಕರವಾಗಿದೆ. ಭಂಡಾರಕ್ಕೆ ಆದೇಶ ಬರೆಯುವಾಗ ಮಾಹಿತಿಯನ್ನು ಅಂಥ ಕೊಕ್ಕೆಗಳ ನಡುವೆ ಇಡುತ್ತಾರೆ. ಹೆಸರಿನೊಳಗಿನ ಕೊಕ್ಕೆ ಬಂದಾಗ ಗಣಕ ‘ಮಾಹಿತಿ ಮುಗಿಯಿತು, ಮುಂದಿನದು ಆದೇಶ’ ಎಂದು ತಿಳಿಯುತ್ತದೆ. ‘ಸೋಜಾ’ ಎಂಬ ಆದೇಶ ಅದಕ್ಕೆ ಅರ್ಥವಾಗದೆ ಕೈಚೆಲ್ಲುತ್ತದೆ. ಇದೇ ಸಂದಿನಿಂದ ಕಳ್ಳರೂ ನುಗ್ಗಬಲ್ಲರು. ಹೆಸರಿನ ಖಾನೆಯಲ್ಲಿ ಆದೇಶವನ್ನೇ ಬರೆದು ಇಡೀ ಭಂಡಾರವನ್ನು ದೋಚಬಹುದು, ಅಳಿಸಬಹುದು. 1998ರಿಂದಲೇ ಬಹಿರಂಗವಾಗಿ ಚರ್ಚೆಯಾಗುತ್ತಿರುವ ದೋಷವಿದು. ಸುಲಭದ ಪರಿಹಾರ, ಕೊಕ್ಕೆಯನ್ನೇ ನಿಷೇಧಿಸುವುದು. ಅನೇಕರು ಮಾಡುವುದೂ ಅದನ್ನೇ. ಆದರೆ ಅದು ಕಳ್ಳರ ಭಯಕ್ಕೆ ಮನೆಯವರನ್ನೇ ಹೊರಗೆ ನಿಲ್ಲಿಸಿದಂತೆ. ಸರಿಯಾದ ಪರಿಹಾರವೆಂದರೆ ಆದೇಶವನ್ನು ಒಂದು ದಾರಿಯಿಂದ, ಮಾಹಿತಿಯನ್ನು ಇನ್ನೊಂದು ದಾರಿಯಿಂದ ಕಳಿಸುವುದು. ಆಗ ಹೆಸರಿನಲ್ಲಿ ಏನೇ ಇದ್ದರೂ ಅದು ಹೆಸರಾಗಿಯೇ ಉಳಿಯುತ್ತದೆ. ಈ ಅನುಕೂಲ ಇಂದಿನ ಎಲ್ಲ ಮುಖ್ಯ ಭಾಷೆಗಳಲ್ಲಿಯೂ ಇದೆಯೆಂದು ನಮ್ಮ ಹುಡುಗ ಹೇಳಿದ, ಒಂದು ಸಂಜೆಯಲ್ಲಿ ಹಾಗೆ ತಿದ್ದಿಯೂ ಬಿಟ್ಟ.

ಊರುಗಳ ಖಾನೆಗೆ ಬರೋಣ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ಬೆಲ್ಗಾಮ್ ಹೋಗಿ ಬೆಳಗಾವಿ ಬಂತು. ಹಳೆಯ ಅಂಕಪಟ್ಟಿಗಳಲ್ಲಿ ಇನ್ನೂ ಹಳೆಯ ಹೆಸರಿದೆ. ರೈಲ್ವೆಯ ಸಂಕೇತ ಇಂದಿಗೂ ಬಿಜಿಎಂ. ಆಯ್ಕೆಯ ಪಟ್ಟಿಯಲ್ಲಿ ಬೆಳಗಾವಿ, ಬೆಳಗಾಂ, ಬೆಲ್ಗಾಮ್ ಮೂರೂ ಮೂರು ಊರುಗಳಾಗಿ ಕುಳಿತಿದ್ದವು. ಖಾನಾಪುರದ ಕತೆ ಇನ್ನೂ ಸೊಗಸು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿಯೂ ವಿಟಾ ಕೇಂದ್ರವಾಗಿರುವ ಒಂದು ಖಾನಾಪುರ ತಾಲೂಕಿದೆ. ಎಲ್ಲಿಂದಲೋ ಇಳಿಸಿಕೊಂಡ ಸಿದ್ಧ ಪಟ್ಟಿಯಲ್ಲಿ ಇದ್ದದ್ದು ಅದೊಂದೇ. ಹೀಗಾಗಿ ಹಲಸಿ, ನಂದಗಡ, ಕಣಕುಂಬಿಯ ಮಕ್ಕಳು ಒಂದು ಗುಂಡಿ ಒತ್ತಿ ಕೃಷ್ಣೆಯನ್ನೂ ದಾಟಿ ಸಾಂಗಲಿ ಜಿಲ್ಲೆ ಸೇರಿದರು! ಗಡಿಯ ವಿಷಯದಲ್ಲಿ ಎಷ್ಟು ವಾದವಿವಾದ ಕಂಡ ತಾಲೂಕು ಇದು. ಇಲ್ಲಿ ಒಂದು ಪಟ್ಟಿ ಸದ್ದಿಲ್ಲದೆ ಅದನ್ನು ಆಚೆಗೆ ಒಯ್ದಿತ್ತು. ಕದಂಬರ ಕಾಲಕ್ಕೆ ರಾಜಧಾನಿಯ ಗೌರವ ಪಡೆದಿದ್ದ ಹಲಸಿಗಂತೂ ಆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ‘ನನ್ನ ಊರು ಇದರಲ್ಲಿಲ್ಲ’ ಎಂದು ಬರೆಯಲು ಒಂದು ಖಾಲಿ ಸಾಲನ್ನು ಸೇರಿಸಿದೆವು. ಪಟ್ಟಿ ಎಷ್ಟೇ ದೊಡ್ಡದಿರಲಿ, ಆ ಖಾಲಿ ಸಾಲು ಇಲ್ಲದೆ ಅದು ಪೂರ್ಣವಲ್ಲ.

ಕೊನೆಯದು ದಿನಾಂಕ. ನಮ್ಮ ಶಾಲೆಗಳ ಪುಸ್ತಕ ತೆರೆದರೆ ಜೂನ್ 1ರಂದು ಹುಟ್ಟಿದವರು ಬಹಳ. ತಾಯಿತಂದೆಗೆ ‘ಹೋಳಿ ಹುಣ್ಣಿವಿ ಮುಂದ ಹುಟ್ಟ್ಯಾನ’ ಎಂಬಷ್ಟೇ ನೆನಪಿದ್ದ ಕಾಲದಲ್ಲಿ ಶಾಲೆ ತೆರೆಯುವ ತಿಂಗಳ ಮೊದಲ ದಿನವನ್ನೇ ಬರೆದುಕೊಳ್ಳುವ ರೂಢಿಯಿತ್ತು. ನಮೂನೆಯಲ್ಲಿ ಅವರೆಲ್ಲ 01/06 ಎಂದು ತುಂಬಿದರು. ಗಣಕ ಅದನ್ನು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ದಿನ ಆಮೇಲೆ ಎಂದು ಓದಿ, ಎಲ್ಲರನ್ನೂ ಜನವರಿ 6ಕ್ಕೆ ಒಯ್ದಿತು. 13ನೆಯ ತಾರೀಖಿನಿಂದ ಆಚೆ ಹುಟ್ಟಿದವರು ಪುಣ್ಯವಂತರು. ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ಅವರಿಗೆ ತಪ್ಪೆಂದಾದರೂ ತಿಳಿಯಿತು. ಉಳಿದವರಿಗೆ ಅದೂ ಇಲ್ಲ. ತಿರಸ್ಕರಿಸುವ ಅರ್ಜಿಗಿಂತ ತಪ್ಪಾಗಿ ಓದಿಕೊಂಡು ‘ಧನ್ಯವಾದಗಳು’ ಎನ್ನುವ ಅರ್ಜಿ ಹೆಚ್ಚು ಅಪಾಯಕಾರಿ. ದಿನ, ತಿಂಗಳು, ವರ್ಷಗಳಿಗೆ ಬೇರೆಬೇರೆ ಖಾನೆ ಮಾಡಿ, ತಿಂಗಳನ್ನು ಹೆಸರಿನಿಂದ ತೋರಿಸಿ, ಕೊನೆಗೆ ‘ನಾವು ಓದಿಕೊಂಡದ್ದು ಹೀಗೆ, ಸರಿಯೇ?’ ಎಂದು ಕೇಳುವಂತೆ ಮಾಡಿದ ಮೇಲೆ ಇದು ನಿಂತಿತು.

ನಿಮ್ಮಲ್ಲಿ ಕೆಲವರು ಆಕ್ಷೇಪಿಸಬಹುದು: ‘ಮಾಸ್ತರೇ, ಶಿಸ್ತು ಬೇಡವೇ? ಯಾರು ಏನು ಬರೆದರೂ ಒಪ್ಪಿದರೆ ಯಾದಿ ಸಂತೆಯಾಗುವುದಿಲ್ಲವೇ?’ ನ್ಯಾಯವಾದ ಮಾತು. ಫೋನ್ ಸಂಖ್ಯೆಯಲ್ಲಿ ಹತ್ತು ಅಂಕಿ ಇರಲೇಬೇಕು; ನಾಳೆ ಹುಟ್ಟಿದವನು ಹಳೆಯ ವಿದ್ಯಾರ್ಥಿಯಾಗಲಾರ. ಅಂಥ ಕಡೆ ನಿಯಮ ಇರಲಿ. ಬ್ರೌಸರಿನ ಪರೀಕ್ಷೆಯನ್ನು ಯಾರು ಬೇಕಾದರೂ ತಪ್ಪಿಸಬಹುದಾದ್ದರಿಂದ ಸರ್ವರಿನಲ್ಲಿ ಬಿಗಿಯಾಗಿಯೇ ಇರಲಿ. ಆದರೆ ಅಲ್ಲಿಯೂ ಫೋನ್ ಸಂಖ್ಯೆಯ ಹಿಂದೆ ಸೊನ್ನೆ ಹಾಕಿದವನನ್ನು, ನಡುವೆ ಜಾಗ ಬಿಟ್ಟವನನ್ನು, ಕನ್ನಡ ಅಂಕಿಯಲ್ಲಿ ಬರೆದವನನ್ನು ಬೈದು ಕಳಿಸಬೇಕಾಗಿಲ್ಲ; ಗಣಕವೇ ಅದನ್ನು ಸರಿಪಡಿಸಿಕೊಳ್ಳಬಲ್ಲದು. ಅಂತರ್ಜಾಲದ ಅಡಿಪಾಯ ಹಾಕಿದವರಲ್ಲೊಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲಿ ಒಂದು ಸೂತ್ರ ಹೇಳಿದರು: ಕೊಡುವಾಗ ಕಟ್ಟುನಿಟ್ಟಾಗಿರಬೇಕು, ಕೊಳ್ಳುವಾಗ ಉದಾರವಾಗಿರಬೇಕು ಎಂಬುದು ಅದರ ಭಾವ. ಯಂತ್ರಗಳು ಯಂತ್ರಗಳೊಡನೆ ಮಾತನಾಡುವ ಬಗ್ಗೆ ಹೇಳಿದ್ದು ಅದು. ಮನುಷ್ಯರಿಗಾದರೆ ಅದು ಇನ್ನೂ ಹೆಚ್ಚು ಸಲ್ಲಬೇಡವೇ? ಶಿಸ್ತಿನ ಹೊರೆಯನ್ನು ಬಲ್ಲವನು ಹೊರಬೇಕು, ಬಾರದವನಲ್ಲ. ಇದು ತರಗತಿಯ ನಿಯಮವೂ ಹೌದು.

ಹಳೆಯ ವಿದ್ಯಾರ್ಥಿಗಳ ಯಾದಿಯಲ್ಲಿ ಹೆಸರು ಬಿಟ್ಟರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಆದರೆ ವಿದ್ಯಾರ್ಥಿವೇತನ, ಪಿಂಚಣಿ, ಜಾತಿ ಆದಾಯ ಪ್ರಮಾಣಪತ್ರ, ಪಹಣಿಯ ತಿದ್ದುಪಡಿ ಎಲ್ಲಕ್ಕೂ ಇಂದು ಇಂಥವೇ ಖಾನೆಗಳನ್ನು ತುಂಬಬೇಕು. ಹಿಂದೆ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಆವಕ ಪುಸ್ತಕದಲ್ಲಿ ಒಂದು ಸಂಖ್ಯೆ ಬೀಳುತ್ತಿತ್ತು. ಗುಮಾಸ್ತರು ‘ಆಗುವುದಿಲ್ಲ’ ಎಂದರೆ ‘ಯಾಕೆ’ ಎಂದು ಕೇಳಲು ಎದುರಿಗೆ ಒಂದು ಮುಖವಿತ್ತು. ಸಾಹೇಬರ ತನಕ ಹೋಗಲು ಒಂದು ಮೆಟ್ಟಿಲಿತ್ತು. ನಮ್ಮ ರಾಜ್ಯದಲ್ಲಿ 2011ರ ಸಕಾಲ ಅಧಿನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರ್ಜಿಗೆ ಸಂಖ್ಯೆ ಕೊಡಬೇಕು, ಗೊತ್ತಾದ ದಿನಗಳೊಳಗೆ ಕೆಲಸ ಮುಗಿಯಬೇಕು, ತಡವಾದರೆ ಪರಿಹಾರ ಕೇಳಬಹುದು ಎಂದಿತು. ಒಳ್ಳೆಯ ಕಾನೂನು. ಆದರೆ ದಿನಗಳ ಎಣಿಕೆ ಶುರುವಾಗುವುದು ಅರ್ಜಿ ಸ್ವೀಕೃತವಾದ ಮೇಲೆ. ಖಾನೆಯೇ ಹೆಸರನ್ನು ಒಪ್ಪದಿದ್ದರೆ ಅರ್ಜಿಯೇ ಹುಟ್ಟಲಿಲ್ಲ. ಸಂಖ್ಯೆ ಇಲ್ಲ, ದಿನ ಇಲ್ಲ, ತಡ ಎಂಬುದೂ ಇಲ್ಲ. ತಿರಸ್ಕಾರಕ್ಕೆ ಸಾಕ್ಷಿಯಾಗಿ ಒಂದು ಕಾಗದದ ಚೂರೂ ಉಳಿಯುವುದಿಲ್ಲ. ಈ ಮೌನ ತಿರಸ್ಕಾರವೇ ನನ್ನ ಮುಖ್ಯ ಆಕ್ಷೇಪಣೆ.

ಆದ್ದರಿಂದ ತಂತ್ರಾಂಶದ ಉದ್ಯೋಗದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ, ಅಂಥವರಿಗೆ ಕೆಲಸ ಒಪ್ಪಿಸುವ ಅಧಿಕಾರಿಗಳಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ನಾಲ್ಕು ಮಾತು ಬೇಡಿಕೊಳ್ಳುತ್ತೇನೆ. ಮೊದಲು ಸ್ವೀಕರಿಸಿರಿ, ಆಮೇಲೆ ಪರಿಶೀಲಿಸಿರಿ. ಸಂದೇಹವಿದ್ದರೆ ‘ಪರಿಶೀಲನೆಯಲ್ಲಿದೆ’ ಎಂದು ಗುರುತು ಹಾಕಿ ಒಂದು ಸಂಖ್ಯೆ ಕೊಡಿರಿ. ತಿರಸ್ಕರಿಸಲೇಬೇಕಾದರೆ ಯಾವ ಖಾನೆ, ಯಾವ ಅಕ್ಷರ, ಏನು ಮಾಡಬೇಕು ಎಂಬುದನ್ನು ತಿಳಿಯುವ ಕನ್ನಡದಲ್ಲಿ ಹೇಳಿರಿ. ‘ಮಾನ್ಯವಲ್ಲ’ ಎಂಬ ಪದವನ್ನು ಮನುಷ್ಯರ ಹೆಸರಿನ ಪಕ್ಕದಲ್ಲಿ ಎಂದೂ ಬರೆಯಬೇಡಿರಿ. ತಿರಸ್ಕರಿಸಿದ್ದನ್ನೂ ಎಣಿಸಿರಿ, ತುಂಬಿದ ವಿವರವನ್ನು ಇಟ್ಟುಕೊಳ್ಳುವುದು ಬೇಡ, ಯಾವ ಖಾನೆಯಲ್ಲಿ ಎಷ್ಟು ಜನ ಎಡವಿ ಹಿಂದಿರುಗಿದರು ಎಂಬ ಲೆಕ್ಕ ಸಾಕು. ಹೊರಗೆ ನಿಂತವರ ಹಾಜರಿಯೂ ಹಾಜರಿಯೇ. ಕೊನೆಯದಾಗಿ, ತಂತ್ರಾಂಶವನ್ನು ಕಲ್ಪಿತ ಹೆಸರುಗಳಿಂದ ಪರೀಕ್ಷಿಸಬೇಡಿರಿ. ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನು ನೆನಪಿಸಿಕೊಂಡು, ಅದರಲ್ಲಿದ್ದ ಎಲ್ಲ ಬಗೆಯ ಹೆಸರುಗಳನ್ನೂ ಅದಕ್ಕೆ ಉಣ್ಣಿಸಿ ನೋಡಿರಿ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತ ಖಾನಾಪುರದ ತರಗತಿಗಿಂತ ಕಠಿಣವಾದ ಪರೀಕ್ಷೆ ಯಾವ ತಂತ್ರಾಂಶಕ್ಕೂ ಬೇಕಿಲ್ಲ.

ಉಳಿದವರಿಗೂ ಒಂದು ಮಾತು. ಯಾವುದಾದರೂ ಖಾನೆ ನಿಮ್ಮ ಹೆಸರನ್ನು ಒಪ್ಪದಿದ್ದರೆ ಹೆಸರನ್ನು ತಿದ್ದಿಕೊಳ್ಳಲು ಹೋಗಬೇಡಿರಿ. ಇಂದು ಅನುಕೂಲಕ್ಕೆಂದು ಬಿಟ್ಟ ಒಂದು ಚುಕ್ಕೆ, ಸೇರಿಸಿದ ಒಂದು ಅಡ್ಡಹೆಸರು ನಾಳೆ ಇನ್ನೊಂದು ದಾಖಲೆಗೆ ತಾಳೆಯಾಗದೆ ನಿಮ್ಮನ್ನೇ ಕಾಡುತ್ತದೆ. ಪರದೆಯ ಮೇಲೆ ಬಂದದ್ದರ ಚಿತ್ರ ತೆಗೆದಿಟ್ಟುಕೊಂಡು, ಏನು ತುಂಬಿದಿರಿ, ಏನು ಉತ್ತರ ಬಂತು ಎಂಬುದನ್ನು ಬರೆದು ಸಂಬಂಧಪಟ್ಟವರಿಗೆ ತಿಳಿಸಿರಿ. ಸರಿಪಡಿಸುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನಮ್ಮ ಯಾದಿಯ ಎಷ್ಟೋ ದೋಷಗಳು ಹೊರಬಿದ್ದದ್ದು ಕೈಬಿಡದೆ ಮತ್ತೆ ಮತ್ತೆ ಕೇಳಿದವರಿಂದಲೇ.

ತಂದೆತಾಯಿ ಕಿವಿಯಲ್ಲಿ ಉಸುರಿ ಇಟ್ಟ ಹೆಸರು ನಿಮ್ಮದು. ನಾನು ಹಾಜರಿ ಕರೆಯುವಾಗ ‘ಹಾಜರ್ ಸರ್’ ಎಂದು ನೀವು ಓಗೊಟ್ಟದ್ದೂ ಅದೇ ಹೆಸರಿಗೆ. ಖಾನೆ ಚಿಕ್ಕದಾಗಿದ್ದರೆ ದೊಡ್ಡದು ಮಾಡಲು ಬರುತ್ತದೆ.

ಇತಿ ನಿಮ್ಮ ಮಾಸ್ತರ